ಮಾತು ಅದೇ, ಬಾಯಿ ಬೇರೆ

ಧರ್ಮಗ್ರಂಥದ ಒಂದು ವಾಕ್ಯವನ್ನು ಅದು ಹುಟ್ಟಿದ ಕಾಲ, ಊರು, ಜನ, ಜಗಳ ಯಾವುದರ ಗೊಡವೆಯೂ ಇಲ್ಲದೆ ಓದಬಹುದೇ? ಭಕ್ತರಲ್ಲಿ ಅನೇಕರು ಓದಬಹುದು ಎನ್ನುತ್ತಾರೆ. ದೇವರ ಮಾತಿಗೆ ಕಾಲದ ಹಂಗೇಕೆ ಎಂಬುದು ಅವರ ವಾದ. ವಿಚಾರವಾದಿಗಳಲ್ಲಿ ಕೆಲವರು ಇನ್ನೊಂದು ತುದಿಯಲ್ಲಿ ನಿಂತು, ಅದೆಲ್ಲ ಆಯಾ ಕಾಲದ ಕೂಸು, ಆ ಕಾಲ ಮುಗಿದ ಮೇಲೆ ಅದಕ್ಕೂ ಅರ್ಥವಿಲ್ಲ ಎನ್ನುತ್ತಾರೆ. ಎರಡೂ ಸುಲಭದ ಉತ್ತರಗಳು. ಮೊದಲನೆಯದು ಚರಿತ್ರೆಯನ್ನು ಓದುವ ಶ್ರಮದಿಂದ ನಮ್ಮನ್ನು ಪಾರು ಮಾಡುತ್ತದೆ, ಎರಡನೆಯದು ಗ್ರಂಥವನ್ನು ಓದುವ ಶ್ರಮದಿಂದ. ಆದರೆ ಇದು ಪಂಡಿತರ ಕೋಣೆಯೊಳಗೆ ಮುಗಿಯುವ ಚರ್ಚೆಯಲ್ಲ. ಒಂದು ವಾಕ್ಯವನ್ನು ಅದರ ಸಂದರ್ಭದಿಂದ ಕಿತ್ತು ಓದಿದ್ದಕ್ಕೆ ಒಂದು ಜನಾಂಗ ಸಾವಿರದ ಆರುನೂರು ವರ್ಷ ಬೆಲೆ ತೆತ್ತ ಉದಾಹರಣೆ ಕ್ರೈಸ್ತ ಧರ್ಮದ ಚರಿತ್ರೆಯಲ್ಲಿದೆ. ಅದನ್ನು ತಿದ್ದಿಕೊಳ್ಳಲು ಹೊರಟ ಉದಾಹರಣೆಯೂ ಅಲ್ಲಿಯೇ ಇದೆ. ಎರಡನ್ನೂ ನಾವು, ಅಂದರೆ ಮುಸ್ಲಿಮರು, ಗಮನವಿಟ್ಟು ನೋಡಬೇಕಾದ ಕಾಲ ಇದು.

ಮತ್ತಾಯನ ಸುವಾರ್ತೆಯ 27ನೆಯ ಅಧ್ಯಾಯದಲ್ಲಿ ರೋಮನ್ ಅಧಿಪತಿ ಪಿಲಾತನು ಯೇಸುವಿನ ವಿಚಾರಣೆ ನಡೆಸುವ ಪ್ರಸಂಗ ಬರುತ್ತದೆ. ಆತ ಎಲ್ಲರೆದುರು ಕೈ ತೊಳೆದುಕೊಂಡು ಈ ಸಾವಿನ ಹೊಣೆ ತನ್ನದಲ್ಲ ಎನ್ನುತ್ತಾನೆ. ಆಗ ನೆರೆದ ಜನ, ಆತನ ರಕ್ತದ ಹೊಣೆ ತಮ್ಮ ಮೇಲೂ ತಮ್ಮ ಮಕ್ಕಳ ಮೇಲೂ ಇರಲಿ ಎಂಬರ್ಥದ ಮಾತಾಡುತ್ತಾರೆ. ಈ ಮಾತು ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳಲ್ಲಿ ಇಲ್ಲ, ಮತ್ತಾಯನಲ್ಲಿ ಮಾತ್ರ ಇದೆ. ಶಿಲುಬೆಯ ವಿಷಯದಲ್ಲಿ ಕುರ್‌ಆನ್ ಹೇಳುವುದು ಬೇರೆ, ಈಸಾ ಅಲೈಹಿಸ್ಸಲಾಂ ಅವರನ್ನು ಶಿಲುಬೆಗೇರಿಸಲಿಲ್ಲ ಎಂಬುದು ನಮ್ಮ ನಂಬಿಕೆ. ಆ ಭಿನ್ನಾಭಿಪ್ರಾಯ ಇಲ್ಲಿ ಚರ್ಚೆಯ ವಸ್ತುವಲ್ಲ. ಕ್ರೈಸ್ತರು ತಮ್ಮ ಗ್ರಂಥದಲ್ಲಿರುವ ಈ ಒಂದು ವಾಕ್ಯವನ್ನು ಹೇಗೆ ಓದಿದರು, ಅದರಿಂದ ಏನಾಯಿತು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಮೊದಲು ಆ ಕಾಲವನ್ನು ನೋಡೋಣ. ಕ್ರಿ.ಶ. 6ರಲ್ಲಿ ಯೂದಾಯ ಪ್ರಾಂತ್ಯ ರೋಮಿನ ನೇರ ಆಳ್ವಿಕೆಗೆ ಬಂತು. ಪಿಲಾತ 26ರಿಂದ 36ರವರೆಗೆ ಅಲ್ಲಿ ಅಧಿಪತಿಯಾಗಿದ್ದ. ಯೆರೂಸಲೇಮಿನ ಮಹಾಯಾಜಕನನ್ನು ನೇಮಿಸುವವನು, ತೆಗೆದುಹಾಕುವವನು ರೋಮನ್ ಅಧಿಕಾರಿಯೇ. ಹಬ್ಬದ ದಿನ ಮಹಾಯಾಜಕ ತೊಡುವ ಉಡುಪು ಕೂಡ ರೋಮನ್ನರ ಕೋಟೆಯಲ್ಲಿ ಬೀಗದೊಳಗೆ ಇರುತ್ತಿತ್ತು ಎಂದು ಯಹೂದಿ ಚರಿತ್ರಕಾರ ಜೋಸೆಫಸ್ ಬರೆದಿದ್ದಾನೆ. ಶಿಲುಬೆ ರೋಮನ್ನರ ಶಿಕ್ಷೆ, ಅದನ್ನು ಗುಲಾಮರಿಗೂ ದಂಗೆಕೋರರಿಗೂ ಮೀಸಲಿಟ್ಟಿದ್ದರು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ದಂಗೆ ಅಡಗಿದ ಮೇಲೆ 6,000 ಗುಲಾಮರನ್ನು ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಿದವರು ಅವರೇ. ಯೇಸುವಿನ ತಲೆಯ ಮೇಲೆ ಬರೆಸಿದ್ದ ಆರೋಪವೂ ರಾಜಕೀಯದ್ದೇ, ಯಹೂದಿಗಳ ಅರಸ ಎಂದು. ಚಕ್ರವರ್ತಿ ಇರುವಾಗ ಇನ್ನೊಬ್ಬ ಅರಸನೆಂದರೆ ರಾಜದ್ರೋಹ. ಪಿಲಾತ ಎಂಥವನು? ಲಂಚ, ಹಿಂಸೆ, ವಿಚಾರಣೆಯಿಲ್ಲದ ಮರಣದಂಡನೆಗಳು ಅವನ ಆಡಳಿತದ ಗುಣ ಎಂದು ಅದೇ ಕಾಲದ ಅಲೆಕ್ಸಾಂಡ್ರಿಯಾದ ಚಿಂತಕ ಫಿಲೋ ದಾಖಲಿಸಿದ್ದಾನೆ. ಸಮಾರ್ಯದವರ ಹತ್ಯಾಕಾಂಡ ನಡೆಸಿದ ಕಾರಣಕ್ಕೇ ಪಿಲಾತನ ಅಧಿಕಾರ ಹೋಯಿತು. ಇಂಥವನು ಸುವಾರ್ತೆಯಲ್ಲಿ ಮೆತ್ತನೆಯ ಮನುಷ್ಯನಾಗಿ, ಜನರ ಒತ್ತಾಯಕ್ಕೆ ಸಿಕ್ಕಿದವನಾಗಿ ಕಾಣಿಸಿಕೊಳ್ಳುವುದೇಕೆ?

ಸುವಾರ್ತೆಗಳು ಬರೆಯಲ್ಪಟ್ಟ ಕಾಲದಲ್ಲಿ ಇದಕ್ಕೆ ಉತ್ತರವಿದೆ. 66ರಲ್ಲಿ ಯಹೂದಿಗಳು ರೋಮಿನ ವಿರುದ್ಧ ದಂಗೆಯೆದ್ದರು. 70ರಲ್ಲಿ ಯೆರೂಸಲೇಮಿನ ದೇವಾಲಯ ಸುಟ್ಟುಹೋಯಿತು. ಸೋತ ಜನರ ಮೇಲೆ ಹೊಸ ತೆರಿಗೆ ಬಿತ್ತು. ಮತ್ತಾಯ ಮತ್ತು ಯೋಹಾನರ ಸುವಾರ್ತೆಗಳು ಈ ದುರಂತದ ನಂತರದ ದಶಕಗಳಲ್ಲಿ ಬರೆಯಲ್ಪಟ್ಟವೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ರೋಮ್ ದಂಗೆಕೋರನೆಂದು ಕೊಂದ ಒಬ್ಬನನ್ನು ಒಡೆಯನೆಂದು ನಂಬುವ ಪುಟ್ಟ ಗುಂಪು ರೋಮಿನ ನೆರಳಲ್ಲೇ ಬದುಕಬೇಕಿತ್ತು. ರೋಮಿನ ಅಧಿಕಾರಿಯ ಮೇಲೆ ನೇರವಾಗಿ ಬೆರಳು ತೋರಿಸುವ ಧೈರ್ಯ ಯಾರಿಗಿದ್ದೀತು? ಅದೇ ಹೊತ್ತಿಗೆ, ದೇವಾಲಯ ಕಳೆದುಕೊಂಡ ಯಹೂದಿ ಸಮಾಜ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುತ್ತಿತ್ತು. ನಿಜವಾದ ಇಸ್ರಾಯೇಲ್ ಯಾರು ಎಂಬ ಜಗಳ ಮನೆಯೊಳಗೆ ಹೊತ್ತಿಕೊಂಡಿತ್ತು. ಯೇಸುವಿನ ಹಿಂಬಾಲಕರನ್ನು ಸಭಾಮಂದಿರದಿಂದ ಹೊರಹಾಕಿದ ಮಾತು ಯೋಹಾನನ ಸುವಾರ್ತೆಯಲ್ಲಿ ಮೂರು ಕಡೆ ಬರುತ್ತದೆ. ಹೊರಹಾಕಲ್ಪಟ್ಟವರ ಸಿಟ್ಟು ಆ ಬರವಣಿಗೆಯಲ್ಲಿ ಇದೆ. ಯಹೂದಿಗಳು ಎಂಬ ಪದ ಆ ಒಂದೇ ಸುವಾರ್ತೆಯಲ್ಲಿ ಸುಮಾರು 70 ಸಲ ಬರುತ್ತದೆ, ಬಹಳ ಕಡೆ ಕಹಿಯಾಗಿ ಬರುತ್ತದೆ.

ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಯೇಸು ಯಹೂದಿ. ತಾಯಿ ಮರ್ಯಮ್ ಯಹೂದಿ. ಹನ್ನೆರಡು ಮಂದಿ ಶಿಷ್ಯರೂ ಯಹೂದಿಗಳು. ಪೌಲ ಯಹೂದಿ. ಮತ್ತಾಯನ ಸುವಾರ್ತೆ ಬರೆದವನೂ ಯಹೂದಿ ಶಾಸ್ತ್ರಗಳನ್ನು ಅರೆದು ಕುಡಿದವನು. ಯೆಶಾಯ, ಯೆರೆಮೀಯರಂಥ ಪ್ರವಾದಿಗಳು ತಮ್ಮ ಜನರನ್ನು ಎಷ್ಟು ಕಟುವಾಗಿ ಬೈದಿದ್ದರೋ ಅಷ್ಟೇ ಕಟುವಾಗಿ ಇವರೂ ಬೈದರು. ಅದು ಅಣ್ಣತಮ್ಮಂದಿರ ಜಗಳ. ಜಗಳವಾಡಿದ ಇಬ್ಬರ ನೆತ್ತಿಯ ಮೇಲೂ ರೋಮಿನ ಕತ್ತಿ ತೂಗುತ್ತಿತ್ತು. ಬೈದವನ ಕೈಯಲ್ಲಿ ಬೈಗುಳದ ಹೊರತು ಬೇರೆ ಆಯುಧ ಇರಲಿಲ್ಲ.

ಮುಂದೆ ಆಯುಧ ಬಂತು. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಸ್ವಾತಂತ್ರ್ಯ ಕೊಟ್ಟ. 380ರಲ್ಲಿ ಥಿಯೊಡೋಸಿಯಸ್ ಕ್ರೈಸ್ತ ಧರ್ಮವನ್ನು ಸಾಮ್ರಾಜ್ಯದ ಧರ್ಮವೆಂದು ಸಾರಿದ. ಎಪ್ಪತ್ತು ವರ್ಷಗಳೊಳಗೆ ಪೀಡಿತರ ಧರ್ಮ ಪ್ರಭುವಿನ ಧರ್ಮವಾಯಿತು. ಗ್ರಂಥದ ಒಂದು ಅಕ್ಷರವೂ ಬದಲಾಗಲಿಲ್ಲ, ಆದರೆ ಅದನ್ನು ಓದುವ ಬಾಯಿ ಬದಲಾಯಿತು. ಮೊದಲು ಯಹೂದಿ ಇನ್ನೊಬ್ಬ ಯಹೂದಿಗೆ ಆಡಿದ್ದ ಮಾತನ್ನು ಈಗ ಸಾಮ್ರಾಜ್ಯ ತನ್ನ ಅಲ್ಪಸಂಖ್ಯಾತ ಪ್ರಜೆಗೆ ಆಡತೊಡಗಿತು.

386-387ರಲ್ಲಿ ಅಂತಿಯೋಕ್ಯ ನಗರದಲ್ಲಿ ಜಾನ್ ಕ್ರಿಸಾಸ್ಟಮ್ ಎಂಬ ಧರ್ಮಗುರು ಯಹೂದಿಗಳ ವಿರುದ್ಧ ಎಂಟು ಪ್ರವಚನಗಳನ್ನು ಮಾಡಿದರು. ಅವರ ಸಭೆಯ ಕ್ರೈಸ್ತರೇ ಯಹೂದಿ ಹಬ್ಬಗಳಿಗೆ, ಸಭಾಮಂದಿರಗಳಿಗೆ ಹೋಗುತ್ತಿದ್ದರು. ನೆರೆಹೊರೆಯವರ ಹಬ್ಬಕ್ಕೆ ಹೋಗುವುದನ್ನು ತಡೆಯಲು ನೆರೆಹೊರೆಯವರನ್ನೇ ರಾಕ್ಷಸರನ್ನಾಗಿ ಚಿತ್ರಿಸಿದರು. ಈ ತಂತ್ರ ನಮಗೆ ಅಪರಿಚಿತವೇನಲ್ಲ. ಅದೇ ಕ್ರಿಸಾಸ್ಟಮ್ ಬಡವರ ಪರವಾಗಿ, ಶ್ರೀಮಂತರ ದುರಾಸೆಯ ವಿರುದ್ಧ ನಿರ್ಭಯವಾಗಿ ಮಾತಾಡಿ ಗಡೀಪಾರಾದವರು, ಸಂತರೆಂದು ಪೂಜಿತರಾದವರು. ಒಳ್ಳೆಯವರ ಬಾಯಿಂದ ಬಂದ ದ್ವೇಷ ಕೆಟ್ಟವರ ದ್ವೇಷಕ್ಕಿಂತ ದೀರ್ಘಾಯುಷಿ. 388ರಲ್ಲಿ ಕಲ್ಲಿನಿಕಮ್ ಎಂಬ ಊರಲ್ಲಿ ಬಿಷಪನ ಪ್ರಚೋದನೆಯಿಂದ ಯಹೂದಿ ಸಭಾಮಂದಿರವನ್ನು ಸುಟ್ಟರು. ಬಿಷಪನೇ ಅದನ್ನು ಕಟ್ಟಿಸಿಕೊಡಬೇಕೆಂದು ಚಕ್ರವರ್ತಿ ಆಜ್ಞೆ ಮಾಡಿದಾಗ, ಮಿಲಾನಿನ ಬಿಷಪ್ ಆಂಬ್ರೋಸ್ ಅಡ್ಡ ನಿಂತು ಆಜ್ಞೆಯನ್ನು ಹಿಂದೆಗೆಸಿದರು.

ಅಲ್ಲಿಂದ ಮುಂದಿನ ದಾರಿ ಎಲ್ಲರಿಗೂ ಗೊತ್ತಿರುವಂಥದು. 1096ರಲ್ಲಿ ಯೆರೂಸಲೇಮಿಗೆ ಹೊರಟ ಧರ್ಮಯೋಧರ ಗುಂಪುಗಳು ಜರ್ಮನಿಯ ವರ್ಮ್ಸ್, ಮೈನ್ಸ್ ನಗರಗಳಲ್ಲಿ ಯಹೂದಿಗಳನ್ನು ಕೊಂದವು. 1215ರ ಲ್ಯಾಟರನ್ ಮಹಾಸಭೆ ಯಹೂದಿಗಳೂ ಮುಸ್ಲಿಮರೂ ಬೇರೆ ಗುರುತಿನ ಉಡುಪು ತೊಡಬೇಕೆಂದು ವಿಧಿಸಿತು. 1290ರಲ್ಲಿ ಇಂಗ್ಲೆಂಡ್, 1492ರಲ್ಲಿ ಸ್ಪೇನ್ ಅವರನ್ನು ಹೊರಗಟ್ಟಿದವು. 1523ರಲ್ಲಿ ಯೇಸು ಯಹೂದಿಯಾಗಿ ಹುಟ್ಟಿದವನೆಂದು ನೆನಪಿಸಿ ಮೆದುವಾಗಿ ಬರೆದಿದ್ದ ಮಾರ್ಟಿನ್ ಲೂಥರ್, ಅವರು ಮತಾಂತರವಾಗಲಿಲ್ಲವೆಂಬ ಸಿಟ್ಟಿಗೆ 1543ರಲ್ಲಿ ಅವರ ಮಂದಿರಗಳನ್ನು ಸುಡಬೇಕೆಂದು ಬರೆದರು. 1938ರ ನವೆಂಬರಿನಲ್ಲಿ ನಾಜಿಗಳು ಅವನ್ನು ನಿಜವಾಗಿಯೂ ಸುಟ್ಟಾಗ, ತುರಿಂಗಿಯಾದ ಲೂಥರನ್ ಬಿಷಪ್ ಮಾರ್ಟಿನ್ ಸಾಸೆ ಲೂಥರರ ಆ ಬರಹದ ಭಾಗಗಳನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ ಹಂಚಿದರು.

ನಾಜಿಗಳ ಜನಾಂಗದ್ವೇಷವೂ ಚರ್ಚಿನ ಹಳೆಯ ದ್ವೇಷವೂ ಒಂದೇ ಎನ್ನಲಾಗದು. ಮೊದಲನೆಯದಕ್ಕೆ ರಕ್ತದ ಶುದ್ಧಿಯ ಹುಸಿವಿಜ್ಞಾನ ಬೇಕಿತ್ತು. ಚರ್ಚು ಯಹೂದಿಯ ಮತಾಂತರ ಬಯಸಿತು, ನಾಜಿಗಳು ಅವನ ನಿರ್ನಾಮ ಬಯಸಿದರು. ಆದರೆ ಹೊಲ ಮೊದಲೇ ಉತ್ತಿತ್ತು. ಇಲ್ಲೊಂದು ಸಂಗತಿ ಬಹಳ ಅರ್ಥಪೂರ್ಣ. 1939ರಲ್ಲಿ ಐಸೆನಾಖ್ ನಗರದಲ್ಲಿ ಕೆಲವು ಜರ್ಮನ್ ಧರ್ಮಶಾಸ್ತ್ರಜ್ಞರು ಒಂದು ಸಂಸ್ಥೆಯನ್ನು ತೆರೆದರು. ಕ್ರೈಸ್ತ ಧರ್ಮದಿಂದ ಯಹೂದಿ ಅಂಶಗಳನ್ನು ತೊಳೆದುಹಾಕುವುದೇ ಅದರ ಕೆಲಸ. ಯೇಸು ಯಹೂದಿಯೇ ಅಲ್ಲ ಎಂದು ಅವರು ವಾದಿಸಿದರು. ದ್ವೇಷಕ್ಕೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಚರಿತ್ರೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಕೊಲ್ಲಬೇಕಾದವನ ಮುಖ ತಾನು ಆರಾಧಿಸುವವನ ಮುಖದಂತೆಯೇ ಇದ್ದರೆ ಕೈ ನಡುಗೀತು.

ತಿದ್ದುಪಡಿ ಶುರುವಾದದ್ದೂ ಚರಿತ್ರೆಯಿಂದಲೇ. ಜೂಲ್ಸ್ ಇಸಾಕ್ ಫ್ರಾನ್ಸಿನ ಚರಿತ್ರೆಯ ಮೇಷ್ಟ್ರು. ಫ್ರಾನ್ಸಿನ ಶಾಲೆಯ ಮಕ್ಕಳು ಅವರ ಪಠ್ಯಪುಸ್ತಕ ಓದಿ ಬೆಳೆದವರು. 1940ರಲ್ಲಿ ಯಹೂದಿ ಎಂಬ ಕಾರಣಕ್ಕೆ ಅವರ ಹುದ್ದೆ ಹೋಯಿತು. 1943ರಲ್ಲಿ ಅವರ ಹೆಂಡತಿ ಮತ್ತು ಮಗಳನ್ನು ಬಂಧಿಸಿ ಆಶ್ವಿಟ್ಸ್‌ಗೆ ಸಾಗಿಸಿದರು. ಅವರು ಹಿಂದಿರುಗಲಿಲ್ಲ. ಮರೆಸಿಕೊಂಡು ಬದುಕುತ್ತಿದ್ದ ಮುದುಕ ಸುವಾರ್ತೆಗಳನ್ನು ಮುಂದಿಟ್ಟುಕೊಂಡು ಕುಳಿತರು. ಅವುಗಳಲ್ಲಿ ನಿಜವಾಗಿ ಏನಿದೆ, ಶತಮಾನಗಳಿಂದ ಧರ್ಮಪೀಠಗಳಿಂದ ಏನನ್ನು ಕಲಿಸಲಾಗಿದೆ ಎಂದು ಒಂದೊಂದಾಗಿ ಹೋಲಿಸಿದರು. ಹಾಗೆ ಹುಟ್ಟಿದ ‘ಯೇಸು ಮತ್ತು ಇಸ್ರಾಯೇಲ್’ 1948ರಲ್ಲಿ ಪ್ರಕಟವಾಯಿತು. ಹೆಂಡತಿ ಮಗಳನ್ನು ಕಳೆದುಕೊಂಡವರು ಆ ಗ್ರಂಥಕ್ಕೆ ಬೆಂಕಿ ಹಾಕಿ ಎನ್ನಲಿಲ್ಲ, ಸರಿಯಾಗಿ ಓದಿ ಎಂದರು. 1960ರ ಜೂನ್ 13ರಂದು, 82ರ ವಯಸ್ಸಿನಲ್ಲಿ ಅವರು ಪೋಪ್ 23ನೆಯ ಜಾನ್ ಅವರನ್ನು ಭೇಟಿಯಾದರು. ಹೋಗುವಾಗ 16ನೆಯ ಶತಮಾನದ ಚರ್ಚಿನದೇ ಧರ್ಮಬೋಧೆಯ ಒಂದು ಭಾಗವನ್ನು ಒಯ್ದಿದ್ದರು. ಯೇಸುವಿನ ಸಾವಿಗೆ ಯಹೂದಿಗಳಿಗಿಂತ ಪಾಪ ಮಾಡುವ ಕ್ರೈಸ್ತರೇ ಹೆಚ್ಚು ಹೊಣೆ ಎಂಬ ಮಾತು ಅದರಲ್ಲಿತ್ತು. ಔಷಧ ಚರ್ಚಿನ ಕಪಾಟಿನಲ್ಲೇ ಇತ್ತು, ಅದನ್ನು ತೆಗೆದು ತೋರಿಸಲು ಗಾಯಗೊಂಡವನೇ ಬರಬೇಕಾಯಿತು.

ಇಸಾಕ್ 1963ರಲ್ಲಿ ತೀರಿಕೊಂಡರು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಕ್ರೈಸ್ತೇತರ ಧರ್ಮಗಳ ಬಗೆಗಿನ ತನ್ನ ಘೋಷಣೆಯನ್ನು 2,221 ಮತಗಳಿಂದ ಅಂಗೀಕರಿಸಿತು. ವಿರೋಧ 88. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನ ಯಹೂದಿಗಳ ಮೇಲಾಗಲಿ ಹೊರಿಸಲಾಗದು ಎಂದು ಅದು ಸಾರಿತು. ಅದೇ ಘೋಷಣೆಯಲ್ಲಿ ಮುಸ್ಲಿಮರ ಬಗ್ಗೆ ಗೌರವದ ಮಾತುಗಳೂ, ಹಳೆಯ ಹಗೆಯನ್ನು ಮರೆಯೋಣವೆಂಬ ಕರೆಯೂ ಇದ್ದವು. ಅಮೆರಿಕದ ಇವಾಂಜೆಲಿಕಲ್ ಲೂಥರನ್ ಚರ್ಚು 1994ರಲ್ಲಿ ಲೂಥರರ ಆ ಬರಹಗಳನ್ನು ಬಹಿರಂಗವಾಗಿ ತಿರಸ್ಕರಿಸಿತು. ಇಷ್ಟಾಗಿಯೂ ಮತ್ತಾಯನ ಸುವಾರ್ತೆಯಿಂದ ಆ ವಾಕ್ಯವನ್ನು ಯಾರೂ ಅಳಿಸಲಿಲ್ಲ. ಅದು ಇವತ್ತಿಗೂ ಅಲ್ಲಿದೆ. ಅದನ್ನು ಓದುವ ರೀತಿಯನ್ನು ತಿದ್ದಿದರು. ಹಾಗೆ ಮಾಡಿದ್ದರಿಂದ ಕ್ರೈಸ್ತರ ನಂಬಿಕೆ ಕುಸಿದು ಬೀಳಲೂ ಇಲ್ಲ.

ಇದರಿಂದ ಹೊರಡುವ ಮೊದಲ ಮಾತು ಇಷ್ಟು. ಮಾತಿನ ಅರ್ಥ ಮಾತಿನೊಳಗೆ ಮಾತ್ರ ಇರುವುದಿಲ್ಲ, ಅದನ್ನು ಆಡುವವನಿಗೂ ಕೇಳುವವನಿಗೂ ನಡುವೆ ಇರುವ ಬಲದಲ್ಲೂ ಇರುತ್ತದೆ. ಬಲವಿಲ್ಲದವನ ನಿಟ್ಟುಸಿರು ಬಲವಿದ್ದವನ ಬಾಯಿಗೆ ಬಂದಾಗ ತೀರ್ಪಾಗುತ್ತದೆ. ಚರಿತ್ರೆಯನ್ನು ತಿಳಿಯುವುದೆಂದರೆ ಇಸವಿಗಳ ಪಟ್ಟಿ ಒಪ್ಪಿಸುವುದಲ್ಲ. ಈ ಮಾತಾಡಿದಾಗ ಕತ್ತಿ ಯಾರ ಕೈಯಲ್ಲಿತ್ತು, ಈಗ ಯಾರ ಕೈಯಲ್ಲಿದೆ ಎಂದು ಕೇಳುವುದು.

ಈ ಅಳತೆಗೋಲನ್ನು ಒಬ್ಬರಿಗೆ ಮಾತ್ರ ಹಿಡಿಯಲಾಗದು. 2023ರ ಅಕ್ಟೋಬರಿನಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು, ಗಾಜಾದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, ಬೈಬಲಿನ ಅಮಾಲೇಕ್ಯರನ್ನು ನೆನಪಿಸಿದರು. ಅಮಾಲೇಕ್ಯರನ್ನು ಹಸುಳೆಗಳ ಸಹಿತ ಅಳಿಸಬೇಕೆಂಬ ಆಜ್ಞೆ ಸಮುವೇಲನ ಗ್ರಂಥದಲ್ಲಿದೆ. ತಮ್ಮ ಮಾತು ಹಮಾಸನ್ನು ಕುರಿತದ್ದು ಮಾತ್ರ ಎಂದು ಅವರ ಕಚೇರಿ ಆಮೇಲೆ ಸಮಜಾಯಿಷಿ ಕೊಟ್ಟಿತು. 2024ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಈ ಮಾತನ್ನೂ ಎತ್ತಿ ತೋರಿಸಿತು. ಮರುಭೂಮಿಯಲ್ಲಿ ದಿಕ್ಕುಗೆಟ್ಟು ನಡೆಯುತ್ತಿದ್ದ ಜನರ ಭಯದ ನೆನಪು, ವಿಮಾನ ಟ್ಯಾಂಕುಗಳಿರುವ ಸರ್ಕಾರದ ಬಾಯಿಗೆ ಬಂದಾಗ ಏನಾಗುತ್ತದೆ? ಕ್ರೈಸ್ತ ಸಾಮ್ರಾಜ್ಯದಲ್ಲಿ ಆದದ್ದೇ ಆಗುತ್ತದೆ. ಯಹೂದಿಗಳ ಮೇಲಾದ ಅನ್ಯಾಯವನ್ನು ಇಷ್ಟುದ್ದ ಹೇಳುವುದು ಗಾಜಾವನ್ನು ಮರೆಸಲಿಕ್ಕಲ್ಲ. ಒಂದನ್ನು ಅರ್ಥಮಾಡಿಕೊಂಡವನಿಗೆ ಮಾತ್ರ ಇನ್ನೊಂದು ಅರ್ಥವಾಗುತ್ತದೆ.

ಇನ್ನು ನಮ್ಮ ಮನೆ. ಕುರ್‌ಆನಿನ ಯಾವ ಆಯತ್ ಯಾವ ಸಂದರ್ಭದಲ್ಲಿ ಅವತೀರ್ಣವಾಯಿತು ಎಂಬುದನ್ನು ತಿಳಿಯಲು ನಮ್ಮ ಹಿರಿಯರು ಅಸ್ಬಾಬುನ್ನುಝೂಲ್ ಎಂಬ ಒಂದು ಶಾಸ್ತ್ರವನ್ನೇ ಬೆಳೆಸಿದರು. 11ನೆಯ ಶತಮಾನದಲ್ಲಿ ನಿಶಾಪುರದ ಅಲ್ ವಾಹಿದಿ ಇದರ ಮೇಲೆ ಪ್ರಸಿದ್ಧ ಗ್ರಂಥ ಬರೆದರು. 1985ರಲ್ಲಿ ಕುರ್‌ಆನನ್ನು ನಿಷೇಧಿಸಬೇಕೆಂದು ಕಲ್ಕತ್ತಾ ಹೈಕೋರ್ಟಿಗೆ ಅರ್ಜಿ ಹೋದಾಗ, 2021ರಲ್ಲಿ 26 ಆಯತ್‌ಗಳನ್ನು ತೆಗೆದುಹಾಕಬೇಕೆಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹೋದಾಗ ನಾವೆಲ್ಲ ಒಕ್ಕೊರಲಿನಿಂದ ಹೇಳಿದ್ದು ಒಂದೇ: ಸಂದರ್ಭ ನೋಡಿ. ಎರಡೂ ಅರ್ಜಿಗಳು ವಜಾ ಆದವು. ನಮ್ಮ ಮಾತು ನ್ಯಾಯವಾದದ್ದೇ. ತೌಬಾ ಅಧ್ಯಾಯದ ಐದನೆಯ ಆಯತ್ ಒಪ್ಪಂದ ಮುರಿದು ಯುದ್ಧಕ್ಕೆ ನಿಂತವರ ಕುರಿತದ್ದು, ಅದರ ಮರುಆಯತ್ತೇ ಆಶ್ರಯ ಬೇಡಿದ ವಿಗ್ರಹಾರಾಧಕನನ್ನು ಸುರಕ್ಷಿತ ಜಾಗಕ್ಕೆ ತಲುಪಿಸಬೇಕೆನ್ನುತ್ತದೆ.

ಆದರೆ ನ್ಯಾಯದ ಮಾತಿಗೆ ನ್ಯಾಯದ ಬೆಲೆಯೂ ಇದೆ. ಮದೀನದ ಕೆಲವು ಯಹೂದಿ ಕುಲಗಳೊಡನೆ ನಡೆದ ಯುದ್ಧ, ಒಪ್ಪಂದಭಂಗಗಳ ಹಿನ್ನೆಲೆಯ ಆಯತ್‌ಗಳನ್ನು ಲೋಕದ ಎಲ್ಲ ಯಹೂದಿಗಳಿಗೂ ಎಲ್ಲ ಕಾಲಕ್ಕೂ ಅನ್ವಯಿಸಿ ಪ್ರವಚನ ಮಾಡುವವರು ನಮ್ಮಲ್ಲಿ ಇಲ್ಲವೇ? ಅದೇ ಮದೀನದ ಒಪ್ಪಂದಪತ್ರ ಯಹೂದಿಗಳನ್ನು ವಿಶ್ವಾಸಿಗಳ ಜೊತೆಗೇ ಲೆಕ್ಕಹಾಕಿತ್ತು ಎಂಬುದು ಆಗ ನೆನಪಾಗುವುದಿಲ್ಲ. ಕ್ರೈಸ್ತರನ್ನು ಆಪ್ತರನ್ನಾಗಿ ಮಾಡಿಕೊಳ್ಳಬೇಡಿ ಎಂಬ ಆಯತ್ ಕೆಲವರಿಗೆ ಕಂಠಪಾಠ. ಸ್ನೇಹದಲ್ಲಿ ಅವರೇ ಅತಿ ಸಮೀಪದವರು ಎಂಬ, ಅದೇ ಅಧ್ಯಾಯದ ಇನ್ನೊಂದು ಆಯತ್ ನಾಲಿಗೆಗೆ ಬರುವುದಿಲ್ಲ. ಮಕ್ಕಾದಲ್ಲಿ ಉಳಿಗಾಲವಿಲ್ಲದೆ ಓಡಿದ ಮೊದಲ ಮುಸ್ಲಿಮರಿಗೆ ನೆಲೆ ಕೊಟ್ಟವನು ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿ ಅಲ್ಲವೇ? ಬಲ ನಮ್ಮ ಕೈಗೆ ಬಂದ ಕಾಲದಲ್ಲಿ ನಾವೂ ಅನ್ಯರಿಗೆ ಬೇರೆ ಉಡುಪು ವಿಧಿಸಿದವರು. 12ನೆಯ ಶತಮಾನದಲ್ಲಿ ಅಲ್‌ಮೊಹಾದರ ಆಳ್ವಿಕೆಯಲ್ಲಿ ಯಹೂದಿ ದಾರ್ಶನಿಕ ಮೈಮೊನಿಡಿಸ್‌ನ ಕುಟುಂಬ ಕಾರ್ಡೋವಾ ಬಿಟ್ಟು ಓಡಬೇಕಾಯಿತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು, ಬರಲೇಬೇಕು. ಎಲ್ಲವನ್ನೂ ಸಂದರ್ಭಕ್ಕೆ ಕಟ್ಟಿಹಾಕಿದರೆ ಗ್ರಂಥದಲ್ಲಿ ಶಾಶ್ವತವಾದದ್ದು ಏನು ಉಳಿಯುತ್ತದೆ? ನಮ್ಮ ಶಾಸ್ತ್ರಕಾರರಿಗೆ ಈ ಪ್ರಶ್ನೆ ಹೊಸದಲ್ಲ. ಆಯತ್ ಇಳಿದ ಕಾರಣ ಒಂದು ಘಟನೆಯಾಗಿದ್ದರೂ ಅದರ ಪದಗಳು ಸಾಮಾನ್ಯವಾಗಿದ್ದರೆ ಆದೇಶವೂ ಸಾಮಾನ್ಯವೇ ಎಂಬ ನಿಯಮವನ್ನು ಅವರಲ್ಲಿ ಬಹುಮಂದಿ ಒಪ್ಪಿದ್ದರು. ಸಂದರ್ಭವನ್ನು ನೆಪವಾಗಿಸಿಕೊಂಡು ಬೇಕಾದ್ದನ್ನು ಉಳಿಸಿ ಬೇಡವಾದ್ದನ್ನು ಕಳಚಿಕೊಳ್ಳುವುದರ ಭಯ ಅದರ ಹಿಂದೆ ಇತ್ತು. ಆ ಭಯ ಸಕಾರಣವಾದದ್ದು. ತನಗೆ ಇಷ್ಟವಾದದ್ದೆಲ್ಲ ಸನಾತನ, ತನಗೆ ಕಷ್ಟವಾದದ್ದೆಲ್ಲ ಸಾಂದರ್ಭಿಕ ಎನ್ನುವವನು ಗ್ರಂಥವನ್ನು ಓದುತ್ತಿಲ್ಲ, ಕನ್ನಡಿ ನೋಡಿಕೊಳ್ಳುತ್ತಿದ್ದಾನೆ.

ಹಾಗಾದರೆ ಪ್ರಾಮಾಣಿಕ ಓದಿಗೂ ನೆಪಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ನನಗೆ ತೋರುವ ಪರೀಕ್ಷೆ ಒಂದೇ. ಚರಿತ್ರೆಯ ಓದು ಯಾರಿಂದ ಏನನ್ನು ಬಿಡಿಸಿತು ಎಂದು ನೋಡಬೇಕು. 1965ರಲ್ಲಿ ಚರ್ಚು ಚರಿತ್ರೆಯನ್ನು ಒಪ್ಪಿಕೊಂಡಾಗ ಅದಕ್ಕೆ ಲಾಭವೇನೂ ಆಗಲಿಲ್ಲ. ತನ್ನ ಸಂತರ, ಮಹಾಸಭೆಗಳ, ಪ್ರಾರ್ಥನೆಗಳ ತಪ್ಪನ್ನು ಲೋಕದ ಮುಂದೆ ಒಪ್ಪಿಕೊಳ್ಳಬೇಕಾಯಿತು. ನಮ್ಮ ಅಹಂಕಾರಕ್ಕೆ ಪೆಟ್ಟು ಕೊಟ್ಟು ಇನ್ನೊಬ್ಬನ ತಲೆಯ ಮೇಲಿನ ಆರೋಪವನ್ನು ಇಳಿಸುವ ಓದು ಸಾಮಾನ್ಯವಾಗಿ ನಂಬಿಕೆಗೆ ಯೋಗ್ಯವಾದದ್ದು. ನಮ್ಮ ತಲೆಯ ಮೇಲಿನದನ್ನು ಮಾತ್ರ ಇಳಿಸಿ ಇನ್ನೊಬ್ಬನದನ್ನು ಹಾಗೆಯೇ ಬಿಡುವ ಓದು ವಕೀಲಿಕೆ. ಶಾಶ್ವತವಾದದ್ದು ಏನು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಜಗಳದ ಮಾತು ಆ ಕಾಲದ್ದು, ನ್ಯಾಯದ ಮಾತು ಎಲ್ಲ ಕಾಲದ್ದು. ಮಗನು ತಂದೆಯ ಪಾಪವನ್ನು ಹೊರುವುದಿಲ್ಲ ಎಂದು ಯಹೂದಿಗಳ ಪ್ರವಾದಿ ಯೆಹೆಜ್ಕೇಲನ ಗ್ರಂಥ ಹೇಳುತ್ತದೆ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಭಾಷೆಯಲ್ಲಿ ಬಂದ ಈ ಮಾತುಗಳು ಒಂದೇ ಆಗಿರುವಾಗ, ರಕ್ತದ ಹೊಣೆ ಮಕ್ಕಳ ಮೇಲೆ ಎಂಬ ಗುಂಪಿನ ಕೂಗನ್ನು ದೇವರ ತೀರ್ಪೆಂದು ತಿಳಿಯುವುದು ಹೇಗೆ ಸಾಧ್ಯ?

ಈ ಕೂಗು ನಮಗೆ ದೂರದ್ದಲ್ಲ. ಅಯೋಧ್ಯೆಯ ಚಳವಳಿಯ ದಿನಗಳಲ್ಲಿ ಬಾಬರನ ಸಂತಾನ ಎಂಬ ಬೈಗುಳ ಕೇಳದ ಮುಸ್ಲಿಮನಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತಮುತ್ತ ಚರ್ಚುಗಳ ಮೇಲೆ ದಾಳಿ ನಡೆದಾಗಲೂ, ಪೋರ್ಚುಗೀಸರ, ಬ್ರಿಟಿಷರ ಲೆಕ್ಕವನ್ನು ಗದ್ದೆಯಲ್ಲಿ ದುಡಿಯುವ ಕ್ರೈಸ್ತನಿಂದ ವಸೂಲು ಮಾಡುವ ಮನೋಧರ್ಮ ಮಾತುಗಳಲ್ಲಿ ಕಾಣುತ್ತಿತ್ತು. ಕೇರಳದ ಸುರಿಯಾನಿ ಕ್ರೈಸ್ತರು ವಾಸ್ಕೋ ಡ ಗಾಮ ಬರುವುದಕ್ಕೆ ಶತಮಾನಗಳ ಮೊದಲೇ ಇಲ್ಲಿದ್ದರು ಎಂಬ ಚರಿತ್ರೆ ಆ ಮನೋಧರ್ಮಕ್ಕೆ ಬೇಡ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ನೋವಿನ ನೆನಪು ಮಂಗಳೂರಿನ ಕೆಥೋಲಿಕರಲ್ಲಿ ಇದೆ. ಇಂಗ್ಲಿಷರೊಡನೆ ಯುದ್ಧದ ಕಾಲ, ರಾಜಕೀಯ ಕಾರಣ ಎಂದು ನಾವು ಸಂದರ್ಭ ಹೇಳುತ್ತೇವೆ. ಅದು ನಿಜವೂ ಹೌದು. ಆದರೆ ಮೇಲಿನ ಪರೀಕ್ಷೆಯಲ್ಲಿ ಅದು ಅರ್ಧ ಮಾತ್ರ ತೇರ್ಗಡೆ. ಆ ಸಂದರ್ಭವನ್ನು ವಿವರಿಸುವ ಬಾಯಿ, ಸೆರೆಯಲ್ಲಿ ಸತ್ತ ಹೆಂಗಸರು ಮಕ್ಕಳು ಯಾವ ಯುದ್ಧವನ್ನೂ ಹೂಡಿರಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಉರ್ದು ಶಾಲೆಯಲ್ಲಿ ಹಜರತ್ ಈಸಾ, ಕನ್ನಡ ಶಾಲೆಯಲ್ಲಿ ಯೇಸುಕ್ರಿಸ್ತ ಎಂದು ಓದಿದ ನನ್ನಂಥವರಿಗೆ ಇವೆರಡೂ ಬೇರೆ ಬೇರೆ ಕತೆಗಳಂತೆ ತೋರುತ್ತಿದ್ದವು. ಎರಡೂ ಹೆಸರುಗಳ ಹಿಂದೆ ಇರುವವನು ರೋಮಿನ ಬೂಟಿನಡಿ ಇದ್ದ ಒಂದು ಸಣ್ಣ ನಾಡಿನಲ್ಲಿ, ಅರಾಮಿಕ್ ಮಾತಾಡುತ್ತ, ತನ್ನ ಜನರ ಹಬ್ಬಗಳನ್ನು ಆಚರಿಸುತ್ತ ನಡೆದಾಡಿದ ಒಬ್ಬ ಯಹೂದಿ ಎಂದು ನೆನಪಿಟ್ಟುಕೊಂಡರೆ ಸಾಕು, ಅವನ ಹೆಸರಿನಲ್ಲಿ ಯಹೂದಿಯನ್ನಾಗಲಿ ಕ್ರೈಸ್ತನನ್ನಾಗಲಿ ಮುಸ್ಲಿಮನನ್ನಾಗಲಿ ದ್ವೇಷಿಸುವುದು ಕಷ್ಟವಾಗುತ್ತದೆ. ಚರಿತ್ರೆ ನಂಬಿಕೆಯನ್ನು ಹುಟ್ಟಿಸಲಾರದು, ಕೊಲ್ಲಲೂ ಆರದು. ಆದರೆ ನಂಬಿಕೆ ಕತ್ತಿ ಎತ್ತಿಕೊಂಡಾಗ ಅದರ ಮಣಿಕಟ್ಟನ್ನು ಹಿಡಿದು, ಈ ಮಾತನ್ನು ಯಾರು ಯಾರಿಗೆ ಆಡಿದ್ದು ಎಂದು ಕೇಳಬಲ್ಲದು. ಕೇಳಲು ನಾವು ಬಿಡಬೇಕು.